ನಿಜದ ಹಳಿಯಂತೆ ಕಾಣುವ ಮಾದರಿ ಹಳಿ: ಅಳತೆಯಿಂದ ಜಲ್ಲಿಯವರೆಗೆ

ಮಾದರಿ ರೈಲಿನಲ್ಲಿ ಹಳಿಯೂ ಒಂದು ಮಾದರಿಯೇ. ಎಂಜಿನ್ನಿನ ಹಿಡಿಕಂಬಿಗಳನ್ನೂ ಏಣಿಯ ಮೆಟ್ಟಿಲುಗಳನ್ನೂ ಎಣಿಸಿ ಕೂರಿಸುವವರು, ಅದೇ ಎಂಜಿನ್ನನ್ನು ಪೆಟ್ಟಿಗೆಯಿಂದ ತೆಗೆದ ಹಾಗೇ ಹೊಳೆಯುವ ಹಳಿಯ ಮೇಲೆ ನಿಲ್ಲಿಸಿಬಿಡುತ್ತಾರೆ. ಆಗ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಆಟಿಕೆಯಂತೆ ಕಾಣುತ್ತದೆ. ಹಳಿ ನಿಜವೆನಿಸಲು ಬೇಕಾದದ್ದು ಮೂರು: ಸರಿಯಾದ ಅಳತೆ, ಕುಂದಿದ ಬಣ್ಣ, ಸಣ್ಣ ಜಲ್ಲಿ. ಆದರೆ ಈ ಮೂರಕ್ಕಿಂತ ಮುಖ್ಯವಾದದ್ದು ಕೆಲಸದ ಕ್ರಮ. ಜಲ್ಲಿ ಅಂಟಿದ ಮೇಲೆ ಹಳಿಯ ಸೊಟ್ಟವನ್ನು ತಿದ್ದಲಾಗದು. ಹಾಗಾಗಿ ರೈಲು ತಪ್ಪದೆ ಓಡುವುದು ಮೊದಲು, ಚೆಂದ ಆಮೇಲೆ.

ಇಲ್ಲಿರುವ ಅಳತೆಗಳೆಲ್ಲ ಎಚ್‌ಒ ಸ್ಕೇಲಿಗೆ, ಅಂದರೆ 1:87ಕ್ಕೆ. ಇದರಲ್ಲಿ 3.5 ಮಿ.ಮೀ. ಎಂದರೆ ನಿಜದ ಒಂದು ಅಡಿ, 1,435 ಮಿ.ಮೀ. ಸ್ಟ್ಯಾಂಡರ್ಡ್ ಗೇಜ್ (ಎರಡು ಹಳಿಗಳ ನಡುವಿನ ಅಂತರ) 16.5 ಮಿ.ಮೀ. ಆಗುತ್ತದೆ. ಎನ್ ಸ್ಕೇಲಿನವರು (1:160, ಗೇಜ್ 9 ಮಿ.ಮೀ.) ಎಚ್‌ಒ ಅಳತೆಗಳನ್ನು ಸುಮಾರು 0.54ರಿಂದ ಗುಣಿಸಿಕೊಳ್ಳಬಹುದು.

ಹಳಿಯ ಎತ್ತರ, ಸ್ಲೀಪರಿನ ಅಂತರ

ಮಾದರಿ ಹಳಿಯ 'ಕೋಡ್' ಎಂದರೆ ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಹಳಿಯ ಎತ್ತರ. ಕೋಡ್ 100 ಅಂದರೆ 0.100 ಇಂಚು, 2.54 ಮಿ.ಮೀ. ಇದನ್ನು 87ರಿಂದ ಗುಣಿಸಿದರೆ 221 ಮಿ.ಮೀ. ಎತ್ತರದ ಹಳಿ. ಅಮೆರಿಕದ ಪೆನ್ಸಿಲ್ವೇನಿಯಾ ರೈಲ್‌ರೋಡ್ ಬಳಸಿದ, ಗಜಕ್ಕೆ 155 ಪೌಂಡ್ ತೂಗುವ ಭಾರೀ ಹಳಿಯೂ 8 ಇಂಚು, ಅಂದರೆ 203 ಮಿ.ಮೀ. ಮಾತ್ರ ಇತ್ತು. ಕೋಡ್ 100 ಮೊದಲ ನೋಟಕ್ಕೇ ದಪ್ಪವೆನಿಸುವುದು ಇದರಿಂದಲೇ.

ಕೋಡ್ 83 ಎಂದರೆ 183 ಮಿ.ಮೀ. ಮೀಟರಿಗೆ 60 ಕಿಲೋ ತೂಗುವ ಇಂದಿನ ಯುಐಸಿ (ಅಂತಾರಾಷ್ಟ್ರೀಯ ರೈಲ್ವೆ ಒಕ್ಕೂಟ) ಹಳಿಯ ಎತ್ತರ 172 ಮಿ.ಮೀ.; ಹಾಗಾಗಿ ಭಾರೀ ಸಂಚಾರದ ಮುಖ್ಯ ಮಾರ್ಗಕ್ಕೆ ಕೋಡ್ 83 ಹೊಂದುತ್ತದೆ. ಕೋಡ್ 70 (155 ಮಿ.ಮೀ.) ಹಳೆಯ ಕಾಲದ ಮುಖ್ಯ ಮಾರ್ಗಕ್ಕೂ ಲೂಪ್ ಲೈನಿಗೂ ಸರಿ. ಯಾರ್ಡ್, ಗೋದಾಮಿನ ಸೈಡಿಂಗ್, ಬಡ ಶಾಖಾ ಮಾರ್ಗಗಳಿಗೆ ಕೋಡ್ 55. ಒಂದೇ ವಿನ್ಯಾಸದಲ್ಲಿ ಎರಡು ಎತ್ತರದ ಹಳಿ ಬಳಸಿದರೆ ಮುಖ್ಯ ಮಾರ್ಗ ಯಾವುದು, ಸೈಡಿಂಗ್ ಯಾವುದು ಎಂಬುದು ಯಾರೂ ಹೇಳದೆ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಹಳೆಯ ಬೋಗಿಗಳ ಚಕ್ರದ ಆಳವಾದ ಫ್ಲಾಂಜ್ (ಒಳ ಅಂಚು), ಕಡಿಮೆ ಎತ್ತರದ ಹಳಿಯ ಒಳಬದಿಯಲ್ಲಿ ಅಚ್ಚಾಗಿರುವ ಮೊಳೆತಲೆಗಳಿಗೆ ತಾಗಿ ಟಕಟಕ ಎನ್ನುತ್ತದೆ. ಕೊಳ್ಳುವ ಮೊದಲು ನಿಮ್ಮಲ್ಲಿರುವ ಅತಿ ಒರಟು ಚಕ್ರವನ್ನು ಒಂದು ತುಂಡಿನ ಮೇಲೆ ಉರುಳಿಸಿ ನೋಡಿ.

ಸ್ಲೀಪರಿನ (ಹಳಿಯನ್ನು ಹೊರುವ ಅಡ್ಡದಿಮ್ಮಿಯ) ಅಂತರ ಹಳಿಯ ಎತ್ತರದಷ್ಟೇ ಮಾತಾಡುತ್ತದೆ. ಅಮೆರಿಕದ ಮುಖ್ಯ ಮಾರ್ಗಗಳಲ್ಲಿ ಮರದ ಸ್ಲೀಪರುಗಳು ನಡುವಿನಿಂದ ನಡುವಿಗೆ ಸುಮಾರು 19.5 ಇಂಚು, ಮಾದರಿಯಲ್ಲಿ 5.7 ಮಿ.ಮೀ. ಯುರೋಪಿನ ಮಾರ್ಗಗಳಲ್ಲಿ 600 ಮಿ.ಮೀ. ಸಾಮಾನ್ಯ, ಮಾದರಿಯಲ್ಲಿ 6.9 ಮಿ.ಮೀ. ಸೈಡಿಂಗುಗಳಲ್ಲಿ ಇನ್ನೂ ಅಗಲ. ಬ್ರಿಟಿಷ್ ಮಾದರಿಯ ಒಒ ಸ್ಕೇಲಿನವರು ಇಲ್ಲಿ ವಿಶೇಷ ಗಮನ ಕೊಡಬೇಕು. 1:76ರಲ್ಲಿ 16.5 ಮಿ.ಮೀ. ಗೇಜ್ ಮೊದಲೇ ಕಿರಿದು. ಅದಕ್ಕೆ ಎಚ್‌ಒ ಅಂತರದ ಸ್ಲೀಪರ್ ಸೇರಿದರೆ ಇನ್ನೂ ಕಿರಿದಾಗಿ ಕಾಣುತ್ತದೆ. 60 ಅಡಿ ಹಳಿಗೆ 24 ಸ್ಲೀಪರ್ ಎಂಬ ಹಳೆಯ ಲೆಕ್ಕ ಒಒ ಸ್ಕೇಲಿನಲ್ಲಿ 10 ಮಿ.ಮೀ. ಅಂತರಕ್ಕೆ ಬರುತ್ತದೆ. ಫ್ಲೆಕ್ಸ್ ಟ್ರ್ಯಾಕಿನ (ಬೇಕಾದಂತೆ ಬಾಗಿಸಬಹುದಾದ ಹಳಿಯ) ಅಡಿಯ ಪ್ಲಾಸ್ಟಿಕ್ ಕೊಂಡಿಗಳನ್ನು ಕತ್ತರಿಸಿ ಸ್ಲೀಪರುಗಳನ್ನು ಈ ಅಂತರಕ್ಕೆ ಸರಿಸಿದರೆ ಸಾಕು, ಗೇಜ್ ಬದಲಿಸದೆಯೂ ಕಣ್ಣಿಗೆ ದೊಡ್ಡ ವ್ಯತ್ಯಾಸ ಗೊತ್ತಾಗುತ್ತದೆ.

ಅಡಿಪಾಯ

ಕನಿಷ್ಠ 12 ಮಿ.ಮೀ. ಪ್ಲೈವುಡ್, 400 ಮಿ.ಮೀ.ಗೊಂದು ಆಧಾರ. ಅದರ ಮೇಲೆ ಇಳಿಜಾರು ಅಂಚಿನ 5 ಮಿ.ಮೀ. ಕಾರ್ಕ್. ಕಾರ್ಕ್ ಎರಡು ಸೀಳಾಗಿ ಬರುತ್ತದೆ. ಮಾರ್ಗದ ನಡುಗೆರೆಯನ್ನು ಪ್ಲೈ ಮೇಲೆ ಎಳೆದು, ಗೆರೆಯ ಎರಡು ಬದಿಗೆ ಒಂದೊಂದು ಸೀಳು ಅಂಟಿಸಿ. ಎರಡು ಬದಿಯ ಸೇರಿಕೆಗಳು ಒಂದೇ ಕಡೆ ಬರದಿರಲಿ. ಅಂಟು ಒಣಗಿದ ಮೇಲೆ ಮರದ ತುಂಡಿಗೆ 120 ಗ್ರಿಟ್ ಮರಳುಕಾಗದ ಸುತ್ತಿ ಮೇಲ್ಮೈಯನ್ನೆಲ್ಲ ಉಜ್ಜಿ. ಈ ಹತ್ತು ನಿಮಿಷದ ಕೆಲಸವನ್ನು ಬಿಟ್ಟವರ ಹಳಿಯಲ್ಲಿ ಪ್ರತಿ ಕಾರ್ಕ್ ಸೇರಿಕೆಯ ಬಳಿಯೂ ಬೋಗಿ ತಲೆಯಾಡಿಸುತ್ತದೆ.

ಯಾರ್ಡಿನ ನೆಲ ಮುಖ್ಯ ಮಾರ್ಗಕ್ಕಿಂತ ತಗ್ಗಿನಲ್ಲಿರುವುದರಿಂದ ಅಲ್ಲಿ ಕಾರ್ಕ್ ಬೇಡ, ಅಥವಾ 2 ಮಿ.ಮೀ. ಸಾಕು. 5 ಮಿ.ಮೀ. ಎತ್ತರದಿಂದ ತಗ್ಗಿಗೆ ಇಳಿಯುವಾಗ ಕನಿಷ್ಠ 500 ಮಿ.ಮೀ. ಉದ್ದದ ಇಳಿಜಾರು ಕೊಡಿ, ಶೇಕಡಾ 1 ಆಗುತ್ತದೆ. ಇಳಿಜಾರಿನ ಆರಂಭ, ಕೊನೆ ಎರಡನ್ನೂ ಮರಳುಕಾಗದದಿಂದ ದುಂಡಗೆ ಮಾಡದಿದ್ದರೆ ಕಪ್ಲಿಂಗ್‌ಗಳು ಕಳಚಿಕೊಳ್ಳುತ್ತವೆ.

ತಿರುವು

ನಿಜದ ರೈಲ್ವೆಯಲ್ಲಿ ತೀರಾ ಬಿಗಿ ಎನಿಸುವ 175 ಮೀಟರ್ ತ್ರಿಜ್ಯದ ತಿರುವು ಎಚ್‌ಒದಲ್ಲಿ 2 ಮೀಟರ್. ಮನೆಯೊಳಗೆ ಹಾಕುವ 600 ಮಿ.ಮೀ. ತಿರುವು ಅದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ತ್ರಿಜ್ಯ ಹಿಗ್ಗಿಸಲು ಜಾಗವಿಲ್ಲದಿದ್ದರೆ, ತಿರುವಿನ ಆರಂಭವನ್ನಾದರೂ ಮೃದುವಾಗಿಸಬೇಕು. ನೇರ ಹಳಿ ತಟ್ಟನೆ ವೃತ್ತವಾಗುವ ಬದಲು ನಿಧಾನವಾಗಿ ಬಾಗುತ್ತ ಹೋಗುವುದನ್ನು ಪರಿವರ್ತನಾ ತಿರುವು ಎನ್ನುತ್ತಾರೆ. ಇದಿಲ್ಲದೆ ರೈಲು ತಿರುವಿಗೆ ನುಗ್ಗುವಾಗ ಒಮ್ಮೆಲೇ ಪಕ್ಕಕ್ಕೆ ಎಸೆದಂತೆ ಕಾಣುತ್ತದೆ. ಆಟಿಕೆಯ ಭಾವನೆ ಬರುವುದು ಮುಖ್ಯವಾಗಿ ಇಲ್ಲೇ.

ಲೆಕ್ಕ ಸುಲಭ. ಪರಿವರ್ತನೆಯ ಉದ್ದವನ್ನು ಅದರಿಂದಲೇ ಗುಣಿಸಿ, ತ್ರಿಜ್ಯದ 24 ಪಟ್ಟಿನಿಂದ ಭಾಗಿಸಿ. ಬರುವ ಸಂಖ್ಯೆಯಷ್ಟು ವೃತ್ತವನ್ನು ನೇರ ಗೆರೆಯಿಂದ ಒಳಕ್ಕೆ ಸರಿಸಬೇಕು. 600 ಮಿ.ಮೀ. ತ್ರಿಜ್ಯಕ್ಕೆ 400 ಮಿ.ಮೀ. ಪರಿವರ್ತನೆ ಎಂದರೆ 1,60,000 ಭಾಗಿಸು 14,400, ಅಂದರೆ ಸುಮಾರು 11 ಮಿ.ಮೀ. ಕಾಗದದ ಮೇಲೆ ವೃತ್ತವನ್ನು 11 ಮಿ.ಮೀ. ಒಳಗೆ ಬರೆದುಕೊಳ್ಳಿ. ಪರಿವರ್ತನೆಯ ಅರ್ಧ ನೇರ ಭಾಗದಲ್ಲಿ, ಇನ್ನರ್ಧ ವೃತ್ತದಲ್ಲಿ ಬರುವಂತೆ ಗುರುತು ಹಾಕಿ, 3 ಮಿ.ಮೀ. ಚೌಕದ ಬಳುಕುವ ಮರದ ಪಟ್ಟಿಯನ್ನು ಎರಡಕ್ಕೂ ತಾಗಿಸಿ ಬಾಗಿಸಿ. ಪಟ್ಟಿ ತಾನಾಗಿ ಹಿಡಿಯುವ ದಾರಿಯೇ ನಿಮ್ಮ ನಡುಗೆರೆ.

ಹೊರ ಹಳಿಯನ್ನು ತುಸು ಎತ್ತಿದರೆ ರೈಲು ಒಳಕ್ಕೆ ವಾಲುವ ನೋಟ ಬಹಳ ಚೆನ್ನ. ಸ್ಲೀಪರುಗಳ ಹೊರ ತುದಿಯ ಕೆಳಗೆ 0.5 ಮಿ.ಮೀ. ಪ್ಲಾಸ್ಟಿಕ್ ಪಟ್ಟಿ ಸಾಕು. ಈ ಏರಿಕೆ ಪರಿವರ್ತನೆಯ ಉದ್ದಕ್ಕೂ ಹಂತ ಹಂತವಾಗಿ ಬರಲಿ. 0.75 ಮಿ.ಮೀ. ದಾಟಬೇಡಿ. ಬಿಗಿ ತಿರುವಿನಲ್ಲಿ ಉದ್ದ ರೈಲನ್ನು ಎಂಜಿನ್ ಎಳೆಯುವಾಗ ನಡುವಿನ ಹಗುರ ಬೋಗಿಗಳು ಒಳಕ್ಕೆ ಸೆಳೆಯಲ್ಪಡುತ್ತವೆ. ಹಳಿಯೂ ಅದೇ ಕಡೆ ವಾಲಿದ್ದರೆ ಅವು ಮಗುಚುತ್ತವೆ. ಎಡಕ್ಕೊಂದು ಬಲಕ್ಕೊಂದು ತಿರುವು ಒಂದರ ಹಿಂದೊಂದು ಬಂದರೆ ನಡುವೆ ನಿಮ್ಮ ಅತಿ ಉದ್ದದ ಬೋಗಿಯಷ್ಟು ನೇರ ಹಳಿ ಬಿಡಿ.

ಹಳಿ ಹಾಕುವುದು

ಫ್ಲೆಕ್ಸ್ ಟ್ರ್ಯಾಕ್ ಸಾಮಾನ್ಯವಾಗಿ 914 ಮಿ.ಮೀ. ತುಂಡುಗಳಲ್ಲಿ ಬರುತ್ತದೆ. ಸೇರಿಕೆ ತಿರುವಿನೊಳಗೆ ಬರುವಂತಿದ್ದರೆ, ಎರಡು ತುಂಡುಗಳನ್ನು ಮೇಜಿನ ಮೇಲೆ ನೇರವಾಗಿಟ್ಟು ಬೆಸುಗೆ ಹಾಕಿದ ನಂತರವೇ ಬಾಗಿಸಿ. ಬಾಗಿಸಿದ ಮೇಲೆ ಸೇರಿಸಿದರೆ ತುದಿಗಳು ನೇರವಾಗಲು ಹವಣಿಸುತ್ತವೆ, ಸೇರಿಕೆಯಲ್ಲಿ ಮೂಲೆ ಏಳುತ್ತದೆ. ಮಾದರಿ ರೈಲು ಹಳಿ ತಪ್ಪುವ ಜಾಗಗಳಲ್ಲಿ ಬಹುಪಾಲು ಈ ಮೂಲೆಗಳೇ.

ಹಳಿ ಕತ್ತರಿಸುವ ಇಕ್ಕಳದ ಚಪ್ಪಟೆ ಬದಿ ನೀವು ಉಳಿಸಿಕೊಳ್ಳುವ ಭಾಗದ ಕಡೆಗಿರಲಿ. ಕತ್ತರಿಸಿದ ತುದಿಯನ್ನು ಸಣ್ಣ ಅರದಿಂದ ಚೌಕಗೊಳಿಸಿ, ಅಡಿಭಾಗದ ಮುಳ್ಳು ತೆಗೆದು, ಚಕ್ರ ತಾಗುವ ಒಳ ಮೂಲೆಯನ್ನು ಕೂದಲೆಳೆಯಷ್ಟು ಮೊಂಡಾಗಿಸಿ. ಜೋಡಣೆಯ ಜಾಗದಲ್ಲಿ ತೆಗೆದ ಒಂದೆರಡು ಸ್ಲೀಪರುಗಳನ್ನು ಎಸೆಯಬೇಡಿ. ಮೊಳೆತಲೆಗಳನ್ನು ಕೆತ್ತಿ, ಮೇಲ್ಮೈಯನ್ನು ಅರ್ಧ ಮಿ.ಮೀ. ತೆಳ್ಳಗೆ ಮಾಡಿ ಆಮೇಲೆ ಜಾಯ್ನರಿನ (ಎರಡು ಹಳಿ ತುದಿಗಳನ್ನು ಸೇರಿಸುವ ಲೋಹದ ತುಂಡಿನ) ಕೆಳಗೆ ತೂರಿಸಬೇಕು. ಸ್ಲೀಪರಿಲ್ಲದ ಆ ಖಾಲಿ ಜಾಗವನ್ನು ಎಷ್ಟು ಜಲ್ಲಿ ಸುರಿದರೂ ಮುಚ್ಚಲಾಗದು.

ಅಂಟಿಗೆ ಅಕ್ರಿಲಿಕ್ ಲೇಟೆಕ್ಸ್ ಕಾಕ್ (ಸಂದು ಮುಚ್ಚುವ ಮೆತ್ತನೆಯ ಅಂಟು) ಒಳ್ಳೆಯದು. ಕಾರ್ಕ್ ಮೇಲೆ ಒಂದು ಗೆರೆ ಹಿಂಡಿ, ಅಗಲದ ಚಪ್ಪಟೆ ಕರಣೆಯಿಂದ ಕೆಳಗಿನ ಕಾರ್ಕ್ ಕಾಣುವಷ್ಟು ತೆಳ್ಳಗೆ ಎಳೆಯಿರಿ. ಸ್ಲೀಪರುಗಳ ನಡುವೆ ಉಬ್ಬಿ ಬಂದರೆ ಹೆಚ್ಚಾಯಿತೆಂದೇ ಅರ್ಥ. ಅಲ್ಲಿ ಜಲ್ಲಿಗೆ ಆಳ ಸಿಗುವುದಿಲ್ಲ. ಹಳಿಯನ್ನು ಒತ್ತಿ, ಗುಂಡುಪಿನ್ನುಗಳಿಂದ ಹಿಡಿದಿಟ್ಟು, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಸ್ಲೀಪರಿನ ನಡುವೆ ಮೊಳೆ ಹೊಡೆಯುವವರು ಅದನ್ನು ಪೂರ್ತಿ ಬಿಗಿಯಾಗಿ ಇಳಿಸಬಾರದು: ಸ್ಲೀಪರ್ ನಡುವೆ ಕುಸಿದು ಹಳಿಗಳೆರಡೂ ಒಳಕ್ಕೆ ವಾಲಿ ಗೇಜ್ ಕಿರಿದಾಗುತ್ತದೆ.

ಅಂಟು ಹಸಿಯಿರುವಾಗಲೇ ಕಣ್ಣನ್ನು ಹಳಿಯ ಮಟ್ಟಕ್ಕೆ ಇಳಿಸಿ ಉದ್ದಕ್ಕೂ ನೋಡಿ. ಮೇಲಿನಿಂದ ನೇರವಾಗಿ ಕಂಡದ್ದು ಈ ಕೋನದಲ್ಲಿ ಹಾವಿನಂತೆ ಕಾಣಬಹುದು. ನೇರ ಭಾಗಗಳಿಗೆ ಉಕ್ಕಿನ ಅಳತೆಪಟ್ಟಿ ಒತ್ತಿಟ್ಟು ತಿದ್ದಿ. ಎನ್‌ಎಂಆರ್‌ಎ ಗೇಜ್ ಎಂಬ ಸಣ್ಣ ತಗಡಿನ ಉಪಕರಣ (ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘದ್ದು) ಇರಲೇಬೇಕು. ಹಳಿಯಗಲ, ಚಕ್ರಗಳ ನಡುವಿನ ಅಂತರ, ಟರ್ನ್‌ಔಟಿನ (ಹಳಿ ಎರಡಾಗಿ ಕವಲೊಡೆಯುವ ಜಾಗದ) ಫ್ಲಾಂಜ್ ಸಂದು ಎಲ್ಲವನ್ನೂ ಅದೊಂದರಿಂದಲೇ ಅಳೆಯಬಹುದು.

ವಿದ್ಯುತ್ತು, ಬೆಸುಗೆ

ಜಾಯ್ನರುಗಳನ್ನು ವಿದ್ಯುತ್ತಿಗಾಗಿ ನಂಬಬೇಡಿ. ಬಣ್ಣ, ಅಂಟು, ನೀರು ಇವೆಲ್ಲ ಮುಂದೆ ಅವುಗಳೊಳಗೆ ಇಳಿಯಲಿವೆ. ಪ್ರತಿ ಹಳಿ ತುಂಡಿಗೂ 0.5 ಚದರ ಮಿ.ಮೀ. ತಂತಿ, ಅದರಿಂದ ಕೆಳಗಿನ 2 ಚದರ ಮಿ.ಮೀ. ಮುಖ್ಯ ತಂತಿಗೆ. ಮೇಲಿನ ತಂತಿಯ ತುದಿಯನ್ನು ಚಪ್ಪಟೆ ಮಾಡಿ ಹಳಿಯ ಹೊರಬದಿಗೆ, ನೋಡುಗರಿಗೆ ಕಾಣದ ಕಡೆ ಬೆಸೆಯಿರಿ. ಬಣ್ಣ ಬಳಿದರೆ ಅದು ಮೊಳೆತಲೆಯಂತೆ ಕಾಣುತ್ತದೆ.

40 ವ್ಯಾಟ್ ಅಥವಾ ಹೆಚ್ಚಿನ, ಚಪ್ಪಟೆ ಮೊನೆಯ ಐರನ್, ರೋಸಿನ್ ಫ್ಲಕ್ಸ್. ಆಮ್ಲದ ಫ್ಲಕ್ಸ್ ಬೇಡ, ಉಳಿದ ಅಂಶ ಲೋಹವನ್ನು ತಿನ್ನುತ್ತದೆ. ಹಳಿಯನ್ನು ಉಜ್ಜಿ, ಎರಡೂ ಬದಿಗೆ ಲೋಹದ ಕ್ಲಿಪ್ ಹಾಕಿ, ತಂತಿಗೆ ಮೊದಲೇ ಸೀಸ ಹಿಡಿಸಿಕೊಂಡು 2–3 ಸೆಕೆಂಡಿನಲ್ಲಿ ಮುಗಿಸಿ. ಸ್ಲೀಪರ್ ಕರಗಿದರೆ ಐರನ್ ಹೆಚ್ಚು ಬಿಸಿ ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ಸಾಕಷ್ಟು ಬಿಸಿ ಇರಲಿಲ್ಲ, ಹಾಗಾಗಿ ಬಹಳ ಹೊತ್ತು ಒತ್ತಿ ಹಿಡಿಯಬೇಕಾಯಿತು, ಅಷ್ಟರಲ್ಲಿ ಶಾಖ ಹಳಿಯುದ್ದಕ್ಕೂ ಹರಿಯಿತು.

ನಿಕಲ್ ಸಿಲ್ವರ್ ಎಂಬ ತಾಮ್ರ, ನಿಕಲ್, ಸತುವಿನ ಮಿಶ್ರಲೋಹದ ಹಳಿ 20 ಡಿಗ್ರಿ ತಾಪ ಏರಿದರೆ ಮೀಟರಿಗೆ ಸುಮಾರು ಮೂರನೇ ಒಂದು ಮಿ.ಮೀ. ಹಿಗ್ಗುತ್ತದೆ. ತೇವಾಂಶಕ್ಕೆ ಮರದ ಚೌಕಟ್ಟು ಹಿಗ್ಗಿ ಕುಗ್ಗುವುದು ಇದಕ್ಕಿಂತ ದೊಡ್ಡ ತೊಂದರೆ. ತಿರುವಿನ ಸೇರಿಕೆಗಳನ್ನು ಬೆಸೆದು, ನೇರ ಭಾಗದಲ್ಲಿ ಸುಮಾರು 2 ಮೀಟರಿಗೊಮ್ಮೆ ಅರ್ಧ ಮಿ.ಮೀ. ಸಂದು ಬಿಡಿ. ಡಿಸಿಸಿ (ಡಿಜಿಟಲ್ ನಿಯಂತ್ರಣ) ಬಳಸುವವರು ಪ್ರತಿ ಮೀಟರಿನಲ್ಲೂ ಎರಡು ಹಳಿಗಳ ಮೇಲೆ ಅಡ್ಡಲಾಗಿ ಒಂದು ನಾಣ್ಯ ಇಟ್ಟು ನೋಡಬೇಕು; ಹಳಿಗೆ ವಿದ್ಯುತ್ತು ಕೊಡುವ ಬೂಸ್ಟರ್ ಕೂಡಲೇ ಕಡಿತಗೊಳ್ಳಬೇಕು. ಕಡಿತಗೊಳ್ಳದಿದ್ದರೆ ಅಲ್ಲಿಗೆ ಹೋಗುವ ತಂತಿ ಸಾಲದು.

ಈಗ, ಬಣ್ಣಕ್ಕೆ ಮುಂಚೆ, ರೈಲು ಓಡಿಸಿ. ಅತಿ ಉದ್ದದ ಬೋಗಿ, ಅತಿ ಹಗುರದ ಬೋಗಿ, ಅತಿ ಹೆಚ್ಚು ಚಕ್ರಗಳ ಎಂಜಿನ್. ಎಳೆಯುತ್ತ, ತಳ್ಳುತ್ತ, ಎರಡೂ ದಿಕ್ಕಿಗೆ. ತಳ್ಳುವಾಗ ಹೊರಬೀಳುವ ತಪ್ಪುಗಳು ಎಳೆಯುವಾಗ ಕಾಣುವುದಿಲ್ಲ. ಟರ್ನ್‌ಔಟಿನ ಮೇಲೆ ಒಂಟಿ ಬೋಗಿಯನ್ನು ಬೆರಳಿನಿಂದ ತಳ್ಳಿ ಎಲ್ಲಿ ತಡೆಯುತ್ತದೆಂದು ಗಮನಿಸಿ.

ಬಣ್ಣ

ಹಳಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಟರ್ನ್‌ಔಟಿನ ಚಲಿಸುವ ನಾಲಿಗೆ, ಅದರ ಕೀಲು, ನಾಲಿಗೆ ಒತ್ತಿ ನಿಲ್ಲುವ ಹಳಿಯ ಒಳಬದಿ ಇವಕ್ಕೆ ಟೇಪು ಹಚ್ಚಿ. ಮ್ಯಾಟ್ ಕಡು ಕಂದು ಬಣ್ಣವನ್ನು ಎರಡೂ ಬದಿಯಿಂದ, 45 ಡಿಗ್ರಿಗಿಂತ ತಗ್ಗಿನ ಕೋನದಲ್ಲಿ ಸಿಂಪಡಿಸಿ; ನೇರ ಮೇಲಿನಿಂದ ಸಿಂಪಡಿಸಿದರೆ ಹಳಿಯ ಪಕ್ಕ ಬರಿದೇ ಉಳಿಯುತ್ತದೆ. ಬಣ್ಣ ಹಸಿಯಿರುವಾಗಲೇ, ಬಟ್ಟೆ ಸುತ್ತಿದ ಮರದ ತುಂಡಿನಿಂದ ಹಳಿಯ ತಲೆಯನ್ನು ಒರೆಸಿ.

ಇದು ಬರಿಯ ತಳಬಣ್ಣ. ಆಮೇಲೆ ಹಳಿಯ ಪಕ್ಕಕ್ಕೆ ಸಣ್ಣ ಬ್ರಶ್‌ನಿಂದ ತುಕ್ಕಿನ ಬಣ್ಣ. ತುಕ್ಕೆಂದರೆ ಕಿತ್ತಳೆ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ರೈಲು ದಿನವೂ ಓಡುವ ಮಾರ್ಗದ ಹಳಿಯ ಪಕ್ಕ ಧೂಳು, ಎಣ್ಣೆ, ಬ್ರೇಕಿನ ಕಬ್ಬಿಣದ ಪುಡಿ ಸೇರಿ ಮಂಕು ಕಂದಾಗಿರುತ್ತದೆ. ಕೆಂಪು ಛಾಯೆ ಇರುವುದು ಹೊಸ ಹಳಿಯಲ್ಲಿ ಮತ್ತು ಅಪರೂಪಕ್ಕೆ ಬಳಸುವ ಸೈಡಿಂಗಿನಲ್ಲಿ.

ಮರದ ಸ್ಲೀಪರ್ ಕಪ್ಪಾಗಿರುವುದು ಕ್ರಿಯೊಸೋಟ್ (ಮರ ಕೊಳೆಯದಂತೆ ಹಾಕುವ ಎಣ್ಣೆ) ಹೊಸದಾಗಿರುವಾಗ ಮಾತ್ರ. ವರ್ಷಗಟ್ಟಲೆ ಬಿಸಿಲು ಕಂಡದ್ದು ಬೂದು ಬಣ್ಣಕ್ಕೆ ತಿರುಗುತ್ತದೆ. ಪ್ಲಾಸ್ಟಿಕ್ ಸ್ಲೀಪರಿನ ಮೇಲೆ ಸಣ್ಣ ಗರಗಸವನ್ನು ಉದ್ದುದ್ದಕ್ಕೆ ಎರಡು ಸಲ ಎಳೆದರೆ ನಾರು ಮೂಡುತ್ತದೆ. ಇದನ್ನು ತಳಬಣ್ಣಕ್ಕೆ ಮೊದಲೇ ಮಾಡಿ. ಬಹುತೇಕ ಒಣಗಿದ ಬ್ರಶ್‌ನಲ್ಲಿ ಬೂದು ಬಣ್ಣ ಸವರಿದರೆ ನಾರಿನ ಅಂಚುಗಳು ಎದ್ದು ಬರುತ್ತವೆ. ಹತ್ತಕ್ಕೊಂದು ಸ್ಲೀಪರನ್ನು ಕಡುವಾಗಿಯೋ ತಿಳಿಯಾಗಿಯೋ ಬಿಡಿ, ಅದೂ ಲೆಕ್ಕ ತಪ್ಪಿದಂತೆ. ಕಾಂಕ್ರೀಟ್ ಸ್ಲೀಪರಿನಲ್ಲಿ ಈ ವೈವಿಧ್ಯ ಬೇಡ. ಅವು ಒಂದೇ ತರಹ ಇರುವುದೇ ಸರಿ. ತಿಳಿ ಬೂದು, ಕ್ಲಿಪ್ಪಿನ ಸುತ್ತ ತೆಳು ಕಂದು ಕಲೆ, ಅಷ್ಟೇ.

ಬೆಸುಗೆಯಿಲ್ಲದ ಹಳೆಯ ಕಾಲದ ಮಾರ್ಗ ನಿಮ್ಮದಾದರೆ ಹಳಿ ಸೇರಿಕೆಗಳನ್ನೂ ತೋರಿಸಿ. ಅಮೆರಿಕದ 39 ಅಡಿ ಹಳಿ ಎಚ್‌ಒದಲ್ಲಿ 137 ಮಿ.ಮೀ.; ಅಲ್ಲಿ ಎರಡು ಹಳಿಗಳ ಸೇರಿಕೆಗಳು ಎದುರುಬದುರು ಬರದೆ ಅರ್ಧದಷ್ಟು ಹಿಂದೆಮುಂದೆ ಇರುತ್ತವೆ. ಬ್ರಿಟನ್ನಿನಲ್ಲಿ ಎದುರುಬದುರು. ಹಳಿಯ ತಲೆಯ ಮೇಲೆ ಸಣ್ಣ ಗರಗಸದಿಂದ 0.3 ಮಿ.ಮೀ. ಆಳದ ಗೀರು ಹಾಕಿ, ಹೊರಬದಿಗೆ ಹಳಿಗಳನ್ನು ಜೋಡಿಸುವ ಪಟ್ಟಿಯಂತಿರುವ ಪ್ಲಾಸ್ಟಿಕ್ ಫಿಶ್‌ಪ್ಲೇಟ್ ಅಂಟಿಸಿ. ಒಳಬದಿಗೆ ಬೇಡ, ಫ್ಲಾಂಜ್ ತಾಗುತ್ತದೆ. ಚಕ್ರ ಆ ಗೀರು ದಾಟುವಾಗ ಬರುವ ಸದ್ದು ಕೇಳಲೇಬೇಕಾದದ್ದು.

ಜಲ್ಲಿ

ನಿಜದ ಜಲ್ಲಿ ಸುಮಾರು 30ರಿಂದ 60 ಮಿ.ಮೀ. ಎಚ್‌ಒಗೆ ಅದು 0.35ರಿಂದ 0.7 ಮಿ.ಮೀ. 'ಎಚ್‌ಒ ಜಲ್ಲಿ' ಎಂಬ ಚೀಟಿಯಿದ್ದರೂ ಕೆಲವು ಪುಡಿಗಳು ಇದಕ್ಕಿಂತ ದಪ್ಪ. ಅದನ್ನು ಹಾಕಿದರೆ ಹಳಿಯ ಸುತ್ತ ಬಂಡೆ ಸುರಿದಂತಿರುತ್ತದೆ. ಅನುಮಾನವಿದ್ದಾಗ ಸಣ್ಣದನ್ನೇ ಆರಿಸಿ. ಸ್ವಂತ ಕಲ್ಲುಪುಡಿ ಬಳಸುವವರು ತೊಳೆದು ಒಣಗಿಸಿ, 0.7 ಮಿ.ಮೀ. ಜರಡಿಯಿಂದ ಇಳಿದು 0.3 ಮಿ.ಮೀ. ಜರಡಿಯ ಮೇಲೆ ಉಳಿಯುವುದನ್ನು ತೆಗೆದುಕೊಳ್ಳಿ. ನಂತರ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪುಡಿಯೊಳಗೆ ಆಡಿಸಿ: ಕಬ್ಬಿಣದ ಕಣ ಒಂದೂ ಉಳಿಯಬಾರದು, ಎಂಜಿನ್ನಿನ ಮೋಟಾರ್ ಅದನ್ನು ಎಳೆದುಕೊಳ್ಳುತ್ತದೆ. ಕಾಯಿಚಿಪ್ಪಿನ ಪುಡಿಯಿಂದ ಮಾಡಿದ ಜಲ್ಲಿ ಹಗುರ, ಅಂಟು ಹಾಕುವಾಗ ತೇಲುತ್ತದೆ, ಕಲ್ಲೇ ಮೇಲು. ಅಂಟಿದ ಮೇಲೆ ಬಣ್ಣ ತುಸು ಗಾಢವಾಗುವುದರಿಂದ ಬೇಡದ ತುಂಡಿನ ಮೇಲೆ ಅಂಟಿಸಿ ನೋಡಿಯೇ ನಿರ್ಧರಿಸಿ. ಒಂದು ಮೀಟರ್ ಒಂಟಿ ಮಾರ್ಗಕ್ಕೆ ಸುಮಾರು 100 ಮಿ.ಲೀ. ಪುಡಿ ಬೇಕು, ಚೆಲ್ಲುವುದನ್ನೂ ಸೇರಿಸಿ 120 ಇಟ್ಟುಕೊಳ್ಳಿ. ಇಡೀ ಮಾರ್ಗಕ್ಕೆ ಸಾಕಾಗುವಷ್ಟನ್ನು ಒಂದೇ ಸಲ ಬೆರೆಸಿಡಿ, ಎರಡನೇ ಕಂತಿನ ಬಣ್ಣ ಹೊಂದುವುದು ಕಷ್ಟ.

ಕಾರ್ಕಿನ ಇಳಿಜಾರಿಗೆ ಮೊದಲು ನೀರು ಬೆರೆಸದ ಪಿವಿಎ (ಬಿಳಿ ಮರದಂಟು) ಬಳಿದು ಒಂದು ಪದರ ಉದುರಿಸಿ ಒಣಗಲು ಬಿಡಿ. ಇಲ್ಲದಿದ್ದರೆ ಮುಂದೆ ಅಂಟಿನ ನೀರು ತಾಗಿದೊಡನೆ ಜಲ್ಲಿಯೆಲ್ಲ ಜಾರುತ್ತದೆ. ಆಮೇಲೆ ಹಳಿಗಳ ನಡುವೆ ಚಮಚದಿಂದ ತೆಳ್ಳಗೆ ಸುರಿದು, 12 ಮಿ.ಮೀ. ಮೃದು ಚಪ್ಪಟೆ ಬ್ರಶ್‌ನಿಂದ ಹರಡಿ. ಜಲ್ಲಿ ಸ್ಲೀಪರಿನ ಮೇಲ್ಮೈಗಿಂತ ಕೂದಲಷ್ಟು ಕೆಳಗಿರಲಿ. ಸ್ಲೀಪರಿನ ಮೇಲೆ ಉಳಿದ ಕಣಗಳು ಹೋಗಲು ಬ್ರಶ್‌ನ ಹಿಡಿಯಿಂದ ಹಳಿಯನ್ನು ಮೆಲ್ಲಗೆ ತಟ್ಟಿ. ಅವು ಕುಣಿದು ಸಂದಿಗೆ ಬೀಳುತ್ತವೆ. ಸ್ಲೀಪರಿನ ತುದಿಯಿಂದಾಚೆ 3.5 ಮಿ.ಮೀ. ಸಮತಟ್ಟಾದ ಭುಜ, ಅಲ್ಲಿಂದ ಇಳಿಜಾರು. ಬ್ರಶ್ ಕೆಲಸಕ್ಕೆ ಆತುರ ಬೇಡ. ಅಂಟು ಬಿದ್ದ ಮೇಲೆ ಇದೇ ಉಳಿಯುತ್ತದೆ.

ಟರ್ನ್‌ಔಟಿನಲ್ಲಿ ಜಲ್ಲಿ ಸ್ಲೀಪರಿನ ಅರ್ಧ ಎತ್ತರಕ್ಕೆ ಸಾಕು. ನಾಲಿಗೆಯನ್ನು ಎಳೆಯುವ ಅಡ್ಡಪಟ್ಟಿಯ ಎರಡೂ ಬದಿಗೆ ಬೇಡವೇ ಬೇಡ, ಅಲ್ಲಿ ಬಣ್ಣ ಮಾತ್ರ. ಕೀಲಿಗೂ ಅಡ್ಡಪಟ್ಟಿಗೂ ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಎಣ್ಣೆಯ ಒಂದು ಹನಿ ಹಾಕಿದರೆ ಅಂಟು ಹಿಡಿಯುವುದಿಲ್ಲ. ಒಣಗುವ ತನಕ ಆಗಾಗ ನಾಲಿಗೆಯನ್ನು ಅತ್ತಿತ್ತ ಆಡಿಸಿ.

ಈಗ ತೇವ. ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲನ್ನು 30–40 ಸೆಂ.ಮೀ. ಎತ್ತರದಿಂದ ಮಂಜಿನಂತೆ ಬೀಳುವ ಹಾಗೆ ಸಿಂಪಡಿಸಿ, ಜಲ್ಲಿ ಪೂರ್ತಿ ನೆನೆಯುವವರೆಗೆ. ಇದು ಬೆಂಕಿ ಹಿಡಿಯುವ ವಸ್ತು. ಕಿಟಕಿ ತೆರೆದಿರಲಿ, ಬೆಸುಗೆ ಐರನ್ ಆರಿರಲಿ, ಹಳಿಗೆ ವಿದ್ಯುತ್ತು ಇರದಿರಲಿ. ನಂತರ ಒಂದು ಪಾಲು ಪಿವಿಎಗೆ ಮೂರು ಪಾಲು ನೀರು, ಕಾಲು ಲೀಟರಿಗೆ ಪಾತ್ರೆ ತೊಳೆಯುವ ದ್ರಾವಣದ ಮೂರ್ನಾಲ್ಕು ಹನಿ. ಡ್ರಾಪರಿನಿಂದ ಹಳಿಗಳ ನಡುವೆ ಮತ್ತು ಭುಜದ ಮೇಲೆ ಹನಿಸುತ್ತ ಹೋಗಿ. ಸ್ಲೀಪರುಗಳ ನಡುವೆ ಬೆಳ್ಳಗೆ ಕಾಣಿಸಿಕೊಂಡಾಗ ಮುಂದೆ ಸಾಗಿ. ಮೀಟರಿಗೆ ಸುಮಾರು 50 ಮಿ.ಲೀ. ಹಿಡಿಯುತ್ತದೆ. ಹನಿ ಬಿದ್ದಲ್ಲಿ ಗುಳಿ ಆಗುತ್ತಿದ್ದರೆ, ಅಥವಾ ಹನಿ ಮುತ್ತಿನಂತೆ ಮೇಲೇ ನಿಂತರೆ, ತೇವ ಸಾಲದು. ನಿಲ್ಲಿಸಿ, ಮತ್ತೆ ಸಿಂಪಡಿಸಿ. ಅಂಟು ಕಡಿಮೆಯಾದರೆ ಮೇಲೆ ಸಿಪ್ಪೆ ಕಟ್ಟಿ ಒಳಗೆ ಪುಡಿಯಾಗೇ ಉಳಿಯುತ್ತದೆ.

ಪಿವಿಎ ಗಟ್ಟಿಯಾಗಿ ಕಲ್ಲಿನಂತಾಗುವುದರಿಂದ ರೈಲಿನ ಸದ್ದು ಪ್ಲೈವುಡ್‌ಗೆ ಇಳಿದು ಜೋರಾಗುತ್ತದೆ. ಸದ್ದು ತೊಂದರೆಯೆನಿಸಿದರೆ ಮ್ಯಾಟ್ ಮೀಡಿಯಂ (ಹೊಳಪಿಲ್ಲದ ಅಕ್ರಿಲಿಕ್ ಅಂಟು) ಬಳಸಿ. ಒಣಗಿದರೂ ತುಸು ಬಳುಕುತ್ತದೆ.

24 ಗಂಟೆ ಮುಟ್ಟಬೇಡಿ. ನಂತರ ವ್ಯಾಕ್ಯೂಮ್ ಮೂತಿಗೆ ತೆಳು ಕಾಲುಚೀಲ ಕಟ್ಟಿ ಸಡಿಲ ಕಣಗಳನ್ನು ಎಳೆದುಕೊಳ್ಳಿ, ಅವು ಮರುಬಳಕೆಗೆ ಬರುತ್ತವೆ. ಹಳಿಯ ಒಳಬದಿಗೆ ಅಂಟಿದ ಕಣಗಳನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದು, ಗೇಜನ್ನು ಉದ್ದಕ್ಕೂ ಎಳೆಯಿರಿ.

ಕೊನೆಯ ಕೈಗೆಲಸ

ಎಂಜಿನ್ ನಿಲ್ಲುವ ಕಡೆ ಹಳಿಗಳ ನಡುವೆ ತೆಳು ಕಪ್ಪು ಬಣ್ಣದ ಎಣ್ಣೆ ಕಲೆ. ರೈಲು ಬ್ರೇಕ್ ಹಾಕುವ ನಿಲ್ದಾಣದ ಹತ್ತಿರ ಕಂದು ಧೂಳು. ಸೈಡಿಂಗಿನಲ್ಲಿ ಜಲ್ಲಿಗೆ ಮಣ್ಣು ಬೆರೆತು ಸ್ಲೀಪರ್ ಅರ್ಧ ಹೂತಂತೆ, ಅಲ್ಲಲ್ಲಿ ಹುಲ್ಲು. ಮುಖ್ಯ ಮಾರ್ಗದ ಇಳಿಜಾರಿನ ಬುಡದಲ್ಲಿ ಕಿರಿದಾದ ನಡೆದಾರಿ, ಅದರಾಚೆ ನೀರಿನ ಚರಂಡಿ. ಈ ಚರಂಡಿಯೊಂದಿದ್ದರೆ ಹಳಿ ಹಲಗೆಯ ಮೇಲಲ್ಲ, ನೆಲದ ಮೇಲಿದೆ ಎನಿಸುತ್ತದೆ.

ಕೊನೆಗೆ ಫೋನಿನ ಕ್ಯಾಮೆರಾವನ್ನು ಹಳಿಯ ಮೇಲೇ ಇಟ್ಟು ಎರಡೂ ದಿಕ್ಕಿಗೆ ಫೋಟೋ ತೆಗೆಯಿರಿ. ಕಣ್ಣಿಗೆ ಕಾಣದ ಹೊಳೆಯುವ ಬೆಸುಗೆ ಬಿಂದು, ಬಣ್ಣ ತಾಗದ ಹಳಿಯ ಪಕ್ಕ, ಸ್ಲೀಪರಿನ ಮೇಲೆ ಕುಳಿತ ಜಲ್ಲಿ ಕಣ ಎಲ್ಲ ಅದರಲ್ಲಿ ಎದ್ದು ಕಾಣುತ್ತವೆ. ಬೆಸುಗೆಗೂ ಬರಿ ಲೋಹಕ್ಕೂ ಬ್ರಶ್, ಕಣಗಳಿಗೆ ಚಿಮುಟ.